ನಿಂತ ಜಾಗ ಬದಲಾಯಿಸಿದವರು: ಕುದ್ಮುಲ್ ರಂಗರಾಯರ ನೆನಪು



ಮಂಗಳೂರಿನ ಟೌನ್ ಹಾಲ್ ನೋಡದವರು ನಮ್ಮಲ್ಲಿ ಕಡಿಮೆ. ಯಕ್ಷಗಾನವೋ, ತುಳು ನಾಟಕವೋ, ಯಾರದ್ದೋ ಸನ್ಮಾನವೋ ಇದ್ದಾಗ ಒಂದಲ್ಲ ಒಂದು ಸಲ ಅದರ ಒಳಗೆ ಕೂತವರೇ ನಾವೆಲ್ಲ. ಅದಕ್ಕೆ ಕುದ್ಮುಲ್ ರಂಗರಾವ್ ಪುರಭವನ ಅಂತ ಹೆಸರುಂಟು. ನಾನೂ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಆದರೆ ಈ ರಂಗರಾಯರು ಯಾರು ಅಂತ ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ.

ಕೇಳುವ ಹಾಗಾದದ್ದು ಇಲ್ಲಿ, ಸಿತ್ರದ ಕ್ಯಾಂಪಿನಲ್ಲಿ. ನನ್ನ ರೂಮಿನಲ್ಲಿ ಪುತ್ತೂರಿನ ಕಡೆಯ ಒಬ್ಬರು ಅಣ್ಣ ಇದ್ದರು. ನನಗಿಂತ ಎಂಟು ವರ್ಷ ದೊಡ್ಡವರು, ವೆಲ್ಡರ್. ನಾನು ಹೊಸತಾಗಿ ಬಂದಾಗ ಸೈಟಿನ ಕೆಲಸ, ಅರ್ಧಂಬರ್ಧ ಹಿಂದಿ, ಊರಿಗೆ ದುಡ್ಡು ಕಳಿಸುವ ರೀತಿ ಎಲ್ಲ ಕಲಿಸಿಕೊಟ್ಟವರು ಅವರೇ. ಒಂದು ರಾತ್ರಿ ಮಾತಿನ ನಡುವೆ, ತನ್ನ ಅಜ್ಜ ಎರಡಕ್ಷರ ಕಲಿತದ್ದು ರಂಗರಾಯರ ಶಾಲೆಯಲ್ಲಿ, ಆ ಎರಡಕ್ಷರ ಇಲ್ಲದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ ಅಂತ ಹೇಳಿದರು. ಆಮೇಲೆ ಸಿಕ್ಕಿದ ಪುಸ್ತಕ ಓದಿ, ತಿಳಿದವರನ್ನು ಕೇಳಿ ಗೊತ್ತು ಮಾಡಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾವೆಲ್ಲ ನಮ್ಮ ಬುದ್ಧಿಯಿಂದ ಯೋಚನೆ ಮಾಡುತ್ತೇವೆ ಅಂದುಕೊಂಡಿರುತ್ತೇವೆ. ನಿಜ ಏನೆಂದರೆ, ನಮ್ಮ ಯೋಚನೆಯ ಹೆಚ್ಚಿನ ಪಾಲು ಬರುವುದು ನಾವು ನಿಂತ ಜಾಗದಿಂದ. ಮೇಲೆ ನಿಂತವನಿಗೆ ಒಂದು ಕಾಣುತ್ತದೆ, ಕೆಳಗೆ ನಿಂತವನಿಗೆ ಇನ್ನೊಂದು. ಅಕ್ಕಪಕ್ಕ ನಿಂತವರೆಲ್ಲ ಒಂದೇ ಥರ ನೋಡುವುದರಿಂದ ಅದೇ ಸತ್ಯ ಅಂತ ಅನಿಸಿಬಿಡುತ್ತದೆ. ರಂಗರಾಯರ ದೊಡ್ಡತನ ಇರುವುದು ಇಲ್ಲಿ. ಅವರು ಬರೀ ಬುದ್ಧಿ ಹೇಳುತ್ತಾ ಕೂರಲಿಲ್ಲ. ಜನ ನಿಂತ ಜಾಗವನ್ನೇ ಬದಲಾಯಿಸಲು ಹೊರಟರು. ಅದಕ್ಕಿಂತ ಮೊದಲು ತಾವು ನಿಂತ ಜಾಗ ಬಿಟ್ಟು ಇಳಿದರು.

ಕುದ್ಮುಲಿನಿಂದ ಮಂಗಳೂರಿಗೆ

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಆ ಕಾಲಕ್ಕೆ ಕಾಸರಗೋಡು, ಮಂಗಳೂರು ಎಲ್ಲ ಮದ್ರಾಸ್ ಪ್ರಾಂತ್ಯದ ಒಂದೇ ಆಡಳಿತದ ಕೆಳಗಿದ್ದವು. ಸಾರಸ್ವತ ಬ್ರಾಹ್ಮಣರ ಮನೆ. ಜಾತಿಯಲ್ಲಿ ಮೇಲೆ, ದುಡ್ಡಿನಲ್ಲಿ ಸಾಧಾರಣ. ತಂದೆ ಬೇಗ ತೀರಿಕೊಂಡರು. ಮನೆಯ ಭಾರ ಹೆಗಲಿಗೆ ಬಂದಾಗ ರಂಗರಾಯರು ಇನ್ನೂ ಹುಡುಗ. ಮಾಡುವುದೇನು? ಊರು ಬಿಟ್ಟು ಮಂಗಳೂರಿಗೆ ಬಂದರು. ಇದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ದುಡ್ಡು ಬೇಕಾದಾಗ ಊರು ಬಿಟ್ಟವರೇ ಅಲ್ಲವೇ ನಾವೂ.

ಮಂಗಳೂರಿನಲ್ಲಿ ಮಾಸ್ತರಿಕೆ ಮಾಡಿದರು. ಕೆಲಸ ಮಾಡುತ್ತಲೇ ಓದಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ಕೇಸು ಹಿಡಿಯುವ ವಕೀಲ ಅಂತ ಹೆಸರಾಯಿತು. ಅಲ್ಲಿಗೇ ನಿಂತಿದ್ದರೂ ಒಳ್ಳೆಯ ಮನುಷ್ಯ ಅನ್ನಿಸಿಕೊಂಡು ಮರ್ಯಾದೆಯಿಂದ ಬದುಕಬಹುದಿತ್ತು.

ಆ ಕಾಲದ ಮಂಗಳೂರು ಅಲ್ಲಾಡಲು ಶುರುವಾಗಿತ್ತು. ಬಾಸೆಲ್ ಮಿಶನ್‌ನವರು 1834ರಲ್ಲೇ ಬಂದು ಶಾಲೆ, ಪ್ರೆಸ್ಸು ಎಲ್ಲ ಮಾಡಿದ್ದರು. 1865ರಲ್ಲಿ ಹಂಚಿನ ಫ್ಯಾಕ್ಟರಿ ಬಂತು. ಗದ್ದೆ, ತೆಂಗಿನ ಮರ ಬಿಟ್ಟು ಬೇರೆ ಗೊತ್ತಿರದ ಮನೆಗಳ ಜನ ಸಂಬಳಕ್ಕೆ ಕೆಲಸ ಮಾಡತೊಡಗಿದರು. ಕೈಗೆ ಸಂಬಳ ಬಂದವನು ಧಣಿಯ ಮುಂದೆ ನಿಲ್ಲುವ ರೀತಿಯೇ ಬೇರೆ. ದೇವಸ್ಥಾನದ ಒಳಗೆ ಬಿಡದಿದ್ದರೆ ನಮಗೆ ಬೇರೆ ದಾರಿ ಇಲ್ಲವೇ ಅಂತ ಕೇಳುವ ಧೈರ್ಯ ಬಂದದ್ದು ಇಂಥ ಸಮಯದಲ್ಲಿ. ಬಿಲ್ಲವರ ಮುಖಂಡ ಅರಸಪ್ಪನವರು ಹಾಗೆ ಬೇರೆ ದಾರಿ ಹುಡುಕಿದವರು. ಅವರ ಮತ್ತು ಉಳ್ಳಾಲ ರಘುನಾಥಯ್ಯನವರ ಓಡಾಟದಿಂದ 1870ರಲ್ಲಿ ಬ್ರಹ್ಮ ಸಮಾಜ ಮಂಗಳೂರಿಗೆ ಬಂತು. ಒಬ್ಬನೇ ದೇವರು, ಜಾತಿ ಇಲ್ಲ ಎನ್ನುವ ಸಮಾಜ ಅದು.

ಆಗಲೂ ಒಂದು ವಿಚಿತ್ರ ಆಯಿತು. ಓದಿದ ಸಾರಸ್ವತರಲ್ಲಿ ಕೆಲವರಿಗೆ ಈ ಹೊಸ ವಿಚಾರ ಹಿಡಿಸಿತು. ಆದರೆ ಬಿಲ್ಲವರ ಜೊತೆ ಒಂದೇ ಚಾಪೆಯಲ್ಲಿ ಕೂರಲು ಮನಸ್ಸು ಬರಲಿಲ್ಲ. ಹಾಗಾಗಿ ಉಪಾಸನಾ ಸಭೆ ಅಂತ ತಮ್ಮದೇ ಬೇರೆ ಮಾಡಿಕೊಂಡರು. ಜಾತಿ ಇಲ್ಲ ಎಂದು ಪ್ರಾರ್ಥನೆ ಮಾಡಲಿಕ್ಕೂ ಜಾತಿಗೊಂದು ಕೋಣೆ! ನಗಬೇಡಿ, ಅವರು ಕೆಟ್ಟವರಲ್ಲ. ವಿಚಾರ ಪುಸ್ತಕದಿಂದ ಬಂದಿತ್ತು, ಕಾಲು ಮಾತ್ರ ಹಳೆಯ ಜಾಗದಲ್ಲೇ ಇತ್ತು.

ರಂಗರಾಯರು ರಘುನಾಥಯ್ಯನವರ ಪ್ರಭಾವದಿಂದ ಬ್ರಹ್ಮ ಸಮಾಜಕ್ಕೆ ಬಂದರು. ಆದರೆ ಪ್ರಾರ್ಥನೆಯಲ್ಲೇ ನಿಲ್ಲಲಿಲ್ಲ.

ಎರಡು ಪೈಸೆ ಮತ್ತು ಒಂದು ಹೊತ್ತಿನ ಊಟ

ಮಂಗಳೂರಿನಲ್ಲಿ ಇವತ್ತಿಗೂ ಹೇಳುವ ಒಂದು ಪ್ರಸಂಗ ಉಂಟು. ಬೆಂದೂರಿನ ಬಾಬು ಎನ್ನುವ ದಲಿತ ಯುವಕ ಸ್ವಲ್ಪ ಓದಿ ಕೋರ್ಟಿನಲ್ಲಿ ಜವಾನನಾಗಿ ಸೇರಿದನಂತೆ. ಇವನು ಓಡಾಡುವ ಕಡೆ ನಾವು ಹೇಗೆ ಇರುವುದು ಅಂತ ಮೇಲ್ಜಾತಿಯವರು ಗಲಾಟೆ ಎಬ್ಬಿಸಿದರು, ಕೊನೆಗೆ ಅವನ ಕೆಲಸ ಹೋಯಿತು. ಕಾನೂನಿಗೆ ಎಲ್ಲರೂ ಸಮಾನ ಅಂತ ದಿನವಿಡೀ ವಾದ ಮಾಡುವ ಜಾಗವೇ ಅದು. ಅಲ್ಲೇ ಕಪ್ಪು ಕೋಟು ಹಾಕಿ ನಿಲ್ಲುತ್ತಿದ್ದ ರಂಗರಾಯರಿಗೆ ಇದು ಮುಳ್ಳಿನ ಹಾಗೆ ಚುಚ್ಚಿತು ಅನ್ನುತ್ತಾರೆ.

1892ರಲ್ಲಿ ಅವರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಆಗ ಅವರಿಗೆ 33 ವರ್ಷ. ಶಾಲೆ ತೆರೆಯುವುದೇನೋ ತೆರೆದರು, ಮೇಷ್ಟ್ರು ಸಿಗಬೇಕಲ್ಲ. ಮೇಲ್ಜಾತಿಯ ಮೇಷ್ಟ್ರುಗಳು ಬರಲಿಲ್ಲ. ಕ್ರೈಸ್ತ ಮೇಷ್ಟ್ರುಗಳು ಬಂದು ಕಲಿಸಿದರು. ಸುತ್ತಲಿನವರ ಕಿರುಕುಳದಿಂದ ಶಾಲೆ ಒಂದು ಕಡೆ ನೆಲೆ ನಿಲ್ಲುವುದೇ ಕಷ್ಟವಾಯಿತು.

ವಿರೋಧ ಮೇಲಿನಿಂದ ಮಾತ್ರ ಬಂದಿದ್ದರೆ ಕಥೆ ಸುಲಭ ಇತ್ತು. ಯಾರಿಗಾಗಿ ಶಾಲೆ ತೆರೆದರೋ ಅವರೂ ಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡಿದರು. ನಮಗೆ ಯಾಕೆ ಅಕ್ಷರ, ಅದು ನಮ್ಮ ಹಣೆಯಲ್ಲಿ ಬರೆದದ್ದಲ್ಲ ಎನ್ನುವ ಭಾವನೆ. ಹೊರಗಿನಿಂದ ನೋಡಿದವರು ಇದನ್ನು ಅಜ್ಞಾನ ಅಂದುಬಿಡುತ್ತಾರೆ. ಅವರ ಜಾಗದಲ್ಲಿ ನಿಂತು ನೋಡಿ. ಧಣಿಯ ದನ ಮೇಯಿಸುವ ಹುಡುಗ ಮನೆಗೆ ಒಂದು ಸೇರು ಅಕ್ಕಿ ತರುತ್ತಾನೆ. ಅವನನ್ನು ಶಾಲೆಗೆ ಕಳಿಸಿದರೆ ಅಕ್ಕಿ ಹೋಯಿತು, ಧಣಿಯ ಸಿಟ್ಟೂ ಬಂತು. ಕಲಿತು ಏನು ಸಿಗುತ್ತದೆ ಅಂದರೆ, ಕಲಿತ ಬಾಬುವಿಗೆ ಸಿಕ್ಕಿದ್ದನ್ನು ಎಲ್ಲರೂ ನೋಡಿದ್ದರು. ಹಾಗಾದರೆ ಬೇಡ ಎನ್ನುವುದೇ ಆ ಜಾಗದಲ್ಲಿ ನಿಂತವರ ಲೆಕ್ಕಾಚಾರ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ನಾವಿರುವ ಈ ದ್ವೀಪದಲ್ಲೂ ಇಂಥದ್ದೇ ನಡೆದಿದೆ. ರಜೆಯ ದಿನ ಮುಹರಕ್‌ನ ಮುತ್ತಿನ ದಾರಿಯಲ್ಲಿ ಅಡ್ಡಾಡಿದವರಿಗೆ ಗೊತ್ತು, ಎಣ್ಣೆ ಸಿಗುವ ಮೊದಲು ಬಹ್ರೈನ್ ಬದುಕಿದ್ದು ಮುತ್ತಿನಿಂದ. ಸಮುದ್ರಕ್ಕೆ ಮುಳುಗುವವರು ದೋಣಿಯ ನಖುದಾನಿಂದ ಮುಂಗಡ ತೆಗೆದುಕೊಳ್ಳುತ್ತಿದ್ದರು. ಲೆಕ್ಕ ಬರೆಯುವವನು ನಖುದಾ. ಸಾಲ ತೀರುತ್ತಲೇ ಇರಲಿಲ್ಲ, ಅಪ್ಪನ ಸಾಲ ಮಗನ ತಲೆಗೆ ಬರುತ್ತಿತ್ತು. 1920ರ ದಶಕದಲ್ಲಿ ಇಲ್ಲಿನ ಸರಕಾರ ಒಬ್ಬೊಬ್ಬರ ಲೆಕ್ಕ ಸರಿಯಾಗಿ ಬರೆದಿಡಬೇಕು, ಮುಂಗಡಕ್ಕೆ ಮಿತಿ ಇರಬೇಕು ಅಂತ ಸುಧಾರಣೆ ತಂದಾಗ, ಅದರಿಂದ ಉಪಕಾರ ಆಗಬೇಕಾದ ಮುಳುಗುಗಾರರೇ ಸಿಟ್ಟಾದರು. 1932ರಲ್ಲಂತೂ ಮುಂಗಡ ಸಾಲದೆಂದು ದಂಗೆಯೇ ಆಯಿತು. ಮಿತಿ ಹಾಕಿದರೆ ಮುಂದೊಂದು ದಿನ ಸಾಲ ಕಡಿಮೆಯಾಗುತ್ತದೆ, ಸರಿ. ಆದರೆ ಈ ಚಳಿಗಾಲ ಮಕ್ಕಳಿಗೆ ಏನು ಹಾಕುವುದು? ಅದೇ 1932ರಲ್ಲಿ ಇಲ್ಲಿ ಎಣ್ಣೆ ಸಿಕ್ಕಿತು. ಮುಳುಗುವವರ ಮಕ್ಕಳು ಸಂಬಳದ ಕೆಲಸಕ್ಕೆ ಹೋದರು. ನಖುದಾ ಇಲ್ಲದೆ ಬದುಕೇ ಇಲ್ಲ ಎನ್ನುವ ನಂಬಿಕೆ ತಾನಾಗಿ ಸಡಿಲವಾಯಿತು.

ಬಡವರ ಈ ಲೆಕ್ಕ ರಂಗರಾಯರಿಗೆ ಅರ್ಥವಾಗಿತ್ತು. ಅವರು ಮಕ್ಕಳ ತಂದೆತಾಯಿಗೆ ವಿದ್ಯೆಯ ಮಹಿಮೆ ಹೇಳುತ್ತಾ ಕೂರಲಿಲ್ಲ. ಮಗು ಶಾಲೆಗೆ ಬಂದರೆ ಮನೆಯವರಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಮಗುವಿಗೆ ಶಾಲೆಯಲ್ಲೇ ಮಧ್ಯಾಹ್ನ ಊಟ ಹಾಕಿದರು. ಇವತ್ತು ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟ ಕಂಡವರು ನೆನಪಿಡಬೇಕು, ನೂರು ವರ್ಷಕ್ಕೂ ಹಿಂದೆ ಮಂಗಳೂರಿನ ಒಬ್ಬ ವಕೀಲರು ತಮ್ಮ ಕೈಯಿಂದ ಇದನ್ನು ಮಾಡಿದ್ದರು. ಅಕ್ಕಿಯ ನಷ್ಟ ತುಂಬಿದ ಮೇಲೆ ಮಕ್ಕಳು ಬಂದರು. ಒಬ್ಬ ಕಲಿತದ್ದು ನೋಡಿ ಇನ್ನೊಬ್ಬ ಬಂದ. ಹಣೆಯಲ್ಲಿ ಬರೆದಿಲ್ಲ ಎನ್ನುವ ಮಾತು ನಿಧಾನವಾಗಿ ಹಿಂದೆ ಸರಿಯಿತು.

1897ರಲ್ಲಿ ಈ ಕೆಲಸಕ್ಕೆ ಒಂದು ಸಂಸ್ಥೆಯ ರೂಪ ಬಂತು. ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಅಂತ ಅದರ ಹೆಸರು. ಮುಂಬೈಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ. ಅದಕ್ಕಿಂತ ಒಂಬತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಇದು ನಡೆದಿತ್ತು. ಶಾಲೆಗಳು ಹೆಚ್ಚಿದವು, ಉಡುಪಿ ಕಡೆಗೂ ಹೋದವು. ಅಕ್ಷರದ ಜೊತೆ ನೇಯ್ಗೆ, ಮರಗೆಲಸ ಕಲಿಸಿದರು. ದೂರದ ಮಕ್ಕಳಿಗೆ ಹಾಸ್ಟೆಲ್ ಆಯಿತು. ಸರಕಾರದ ಬೆನ್ನುಬಿದ್ದು ಜಾಗ ಮಾಡಿಸಿಕೊಂಡು ಕೊರಗರಿಗೆ, ಇತರ ದಲಿತರಿಗೆ ಮನೆ ಕಟ್ಟಿಕೊಳ್ಳಲು ಕೊಟ್ಟರು. ಧಣಿಯ ಜಾಗದಲ್ಲಿ ಗುಡಿಸಲು ಹಾಕಿದವನಿಗೂ ಸ್ವಂತ ಐದು ಸೆಂಟ್ಸ್ ಇದ್ದವನಿಗೂ ಮಾತಿನ ಗಟ್ಟಿತನದಲ್ಲಿ ವ್ಯತ್ಯಾಸ ಉಂಟು, ಊರಿನಲ್ಲಿ ಒಕ್ಕಲು ಕುಳಿತವರ ಮನೆಯವರನ್ನು ಕೇಳಿ ನೋಡಿ.

ಸ್ಥಳೀಯ ಆಡಳಿತದಲ್ಲೂ ದಲಿತರಿಗೆ ಸ್ಥಾನ ಬೇಕೆಂದು ಅವರು ಹಟ ಹಿಡಿದರು. ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಅವರಂಥವರು ಹಾಗೆ ಮುಂದೆ ಬಂದರು. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ದಲಿತರ ಪರವಾಗಿ ತಾವೇ ಯಾವಾಗಲೂ ಮಾತಾಡುವುದು ರಂಗರಾಯರಿಗೆ ಕಷ್ಟ ಇರಲಿಲ್ಲ. ಒಂದು ಕುರ್ಚಿಯಲ್ಲಿ ಅವರೇ ಕೂತು ಮಾತಾಡುವ ಹಾಗೆ ಆಗದಿದ್ದರೆ ಕುರ್ಚಿಗಳಲ್ಲಿ ಕೂತ ಉಳಿದವರ ಯೋಚನೆ ಬದಲಾಗುವುದಿಲ್ಲ ಎನ್ನುವುದನ್ನು ಅವರು ಕಂಡುಕೊಂಡಿದ್ದರು.

ತಮ್ಮ ಮನೆಯ ಬಾಗಿಲು

ಇಷ್ಟೆಲ್ಲ ಮಾಡಿದ್ದಕ್ಕೆ ಬೆಲೆ ಕೊಡಬೇಕಾಯಿತು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರ ಮಾಡುವವರು, ಬಟ್ಟೆ ಒಗೆಯುವವರು ಕೂಡ ಅವರ ಮನೆಗೆ ಬರದ ಹಾಗಾಯಿತು ಅನ್ನುತ್ತಾರೆ. ಮದುವೆ, ಮುಂಜಿ, ಸಾವು ಎಲ್ಲದಕ್ಕೂ ಜಾತಿಯ ನಾಲ್ಕು ಜನ ಬೇಕಾಗಿದ್ದ ಕಾಲದಲ್ಲಿ ಇದೆಂಥ ಶಿಕ್ಷೆ ಅಂತ ಊಹಿಸಿ. ಆದರೆ ಇದರಿಂದ ಒಂದು ಆಯಿತು. ಬಹಿಷ್ಕಾರ ಅಂದರೆ ಏನು ಅಂತ ಅವರಿಗೆ ಪುಸ್ತಕದಿಂದಲ್ಲ, ಮನೆಯ ಹೊಸ್ತಿಲಿನಲ್ಲೇ ಗೊತ್ತಾಯಿತು. ನೋಡುವ ಜಾಗವೇ ಬದಲಾಯಿತು.

ಬೇರೆಯವರ ಮನೆ ತಿದ್ದಿ ತಮ್ಮ ಮನೆಯಲ್ಲಿ ಹಳೆಯದನ್ನೇ ನಡೆಸಿದವರಲ್ಲ ಅವರು. ಮಗಳು ರಾಧಾಬಾಯಿಯನ್ನು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿಸಿದರು. 1912ರಲ್ಲಿ ಆಕೆಯ ಮದುವೆ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರ ಜೊತೆ ಆಯಿತು. ಬೇರೆ ಜಾತಿ, ಬೇರೆ ಭಾಷೆ. ಇಂದಿಗೂ ಎಷ್ಟು ಮನೆಗಳಲ್ಲಿ ಇದಕ್ಕೆ ಗಲಾಟೆ ಆಗುತ್ತದೆ ಅಂತ ನಮಗೆ ಗೊತ್ತು. ಸುಬ್ಬರಾಯನ್ 1926ರಿಂದ 1930ರ ತನಕ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯ ಸ್ಥಾನದಲ್ಲಿದ್ದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆಯೂ ಆಕೆಯೇ. ರಂಗರಾಯರ ಮೊಮ್ಮಕ್ಕಳಲ್ಲಿ ಒಬ್ಬರು, ಜನರಲ್ ಪಿ.ಪಿ. ಕುಮಾರಮಂಗಲಂ, 1966ರಿಂದ 1969ರವರೆಗೆ ಭಾರತದ ಸೇನಾ ಮುಖ್ಯಸ್ಥರಾಗಿದ್ದರು. ಇನ್ನೊಬ್ಬರು ಮೋಹನ್ ಕುಮಾರಮಂಗಲಂ ಕೇಂದ್ರದಲ್ಲಿ ಮಂತ್ರಿ, ಮೊಮ್ಮಗಳು ಪಾರ್ವತಿ ಕೃಷ್ಣನ್ ಸಂಸತ್ ಸದಸ್ಯೆ.

ಬ್ರಿಟಿಷ್ ಸರಕಾರ ಬಿರುದು ಕೊಟ್ಟಿತು. ಅದಕ್ಕಿಂತ ದೊಡ್ಡ ಆಸೆ ಅವರಿಗೆ ಬೇರೆಯೇ ಇತ್ತು. ತನ್ನ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಕೆಲಸಕ್ಕೆ ಸೇರಿ, ನಮ್ಮೂರ ರಸ್ತೆಯಲ್ಲಿ ಮೋಟಾರಿನಲ್ಲಿ ಹೋಗಬೇಕು, ಆಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎನ್ನುವ ಆಸೆ. ಎಲ್ಲರೂ ಮೇಲೆ ಹತ್ತಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರು ಹತ್ತಿದಾಗ ತಾನು ರಸ್ತೆಯ ಬದಿಯಲ್ಲಿ ನಿಂತು ಧೂಳು ತಿನ್ನಲು ಸಿದ್ಧ ಅನ್ನುವವರು ಎಷ್ಟು ಜನ?

1927ರಲ್ಲಿ ಅವರು ಸನ್ಯಾಸ ತೆಗೆದುಕೊಂಡರು. ಈಶ್ವರಾನಂದ ಎನ್ನುವುದು ಆ ಮೇಲಿನ ಹೆಸರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ಊರಿನ ಕಕ್ಕಸು ಬಳಿಯುವ ತೋಟಿಗಳು ಹೊರಬೇಕು ಅಂತ ಮೊದಲೇ ಹೇಳಿಟ್ಟಿದ್ದರು, ಹಾಗೆಯೇ ಆಯಿತು. ಬದುಕಿರುವಾಗ ಯಾರನ್ನು ಮುಟ್ಟಬಾರದು ಅಂತ ಊರು ಹೇಳಿತ್ತೋ ಅವರ ಹೆಗಲಿನ ಮೇಲೆಯೇ ಕೊನೆಯ ದಾರಿ. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ರಂಗರಾಯರ ಕೆಲಸವನ್ನು ಬಹಳ ಗೌರವದಿಂದ ನೆನೆಸಿಕೊಂಡರು. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಉಂಟು.

ನಮ್ಮ ಜಾಗ ಯಾವುದು?

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ವಿಮಾನ ಹತ್ತಿದ ದಿನವೇ ನಮ್ಮೆಲ್ಲರ ಜಾಗ ಬದಲಾಯಿತು. ಕ್ಯಾಂಪಿನಲ್ಲಿ ಒಂದು ರೂಮಿಗೆ ಆರು ಮಂಚ, ಒಂದು ಗ್ಯಾಸ್ ಒಲೆ, ಒಂದು ಕುಕ್ಕರ್. ಯಾವ ಜಾತಿಯವನು ಬೇಳೆ ಬೇಯಿಸಿದ ಅಂತ ಕೇಳುತ್ತಾ ಕೂತರೆ ಡ್ಯೂಟಿ ಬಸ್ಸು ಹೊರಟುಹೋಗುತ್ತದೆ. ಊರಿನಲ್ಲಿ ಅಜ್ಜನ ಕಾಲದಿಂದ ಇದ್ದ ಪದ್ಧತಿ ಇಲ್ಲಿ ಎರಡೇ ವಾರದಲ್ಲಿ ಮರೆತುಹೋಗುತ್ತದೆ. ನಾವು ಉದಾರಿಗಳಾದೆವು ಅಂತ ನಾನು ಅಂದುಕೊಂಡಿದ್ದೆ. ಅದು ನಿಜ ಅಲ್ಲ ಅಂತ ಗೊತ್ತಾದದ್ದು ಊರಿನಲ್ಲಿ.

ಆ ವರ್ಷ ವೆಲ್ಡರ್ ಅಣ್ಣನಿಗೂ ನನಗೂ ಒಟ್ಟಿಗೆ ರಜೆ ಸಿಕ್ಕಿತ್ತು. ಒಂದು ದಿನ ಅವರು ನಮ್ಮ ಮನೆಗೆ ಬಂದರು, ತಮ್ಮನ ಮನೆಗೆ ಅಂತ ಹಲಸಿನ ಹಣ್ಣು ಹೊತ್ತುಕೊಂಡು. ಅಮ್ಮ ಯಾವ ಊರು, ಯಾರ ಪೈಕಿ ಅಂತ ವಿಚಾರಿಸಿದರು. ಆಮೇಲೆ ಚಾ ಬಂದದ್ದು ಜಗಲಿಗೆ, ಮನೆಯಲ್ಲಿ ನಾವು ಯಾರೂ ಬಳಸದ ಒಂದು ಹಳೆಯ ಲೋಟದಲ್ಲಿ. ಏಳು ವರ್ಷ ನನ್ನ ಜೊತೆ ಒಂದೇ ಬಟ್ಟಲಿನಲ್ಲಿ ಉಂಡವರು ಅವರು. ನಾನು ಏನೂ ಹೇಳಲಿಲ್ಲ. ಅವರೂ ಏನೂ ಹೇಳಲಿಲ್ಲ. ಚಾ ಕುಡಿದು, ಲೋಟ ತಾವೇ ತೊಳೆದಿಟ್ಟು, ಅಮ್ಮನಿಗೆ ನಮಸ್ಕಾರ ಹೇಳಿ ಹೋದರು. ತೊಳೆದಿಡುವುದು ಅವರಿಗೆ ಯಾರು ಕಲಿಸಿದ್ದು? ಸುಮ್ಮನಿರುವುದು ನನಗೆ ಯಾರು ಕಲಿಸಿದ್ದು? ಬಜ್ಪೆಯಲ್ಲಿ ಇಳಿದ ಕೂಡಲೇ ಇಬ್ಬರೂ ನಮ್ಮ ನಮ್ಮ ಹಳೆಯ ಜಾಗಕ್ಕೆ ಹೋಗಿ ನಿಂತಿದ್ದೆವು.

ವಾಪಸು ಬಂದ ಮೇಲೆ ಅವರು ಎಂದಿನ ಹಾಗೇ ಇದ್ದರು. ಕ್ಷಮೆ ಕೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅದಿರಲಿ ಮಾರಾಯ, ನನಗೆ ಅಭ್ಯಾಸ ಉಂಟು ಅಂತ ಅವರು ನಕ್ಕದ್ದು, ಬೈದಿದ್ದಕ್ಕಿಂತ ಹೆಚ್ಚು ತಾಗಿತು. ಅಮ್ಮನನ್ನು ನಾನು ದೂರುವುದಿಲ್ಲ. ಆಕೆ ಆ ಹಳ್ಳಿ ಬಿಟ್ಟು ಹೊರಗೆ ನಿಂತೇ ಇಲ್ಲ. ನಾನು ಎರಡು ಜಾಗ ನೋಡಿದವನು, ತಪ್ಪು ನನ್ನದು.

ಇಲ್ಲಿಯೂ ನಾವು ಪೂರ್ತಿ ಬದಲಾಗಿದ್ದೇವೆಯೇ? ಜಾತಿಯ ಮೆಟ್ಟಿಲು ಇಳಿದು ಕಂಪನಿಯ ಮೆಟ್ಟಿಲು ಹತ್ತಿದ್ದೇವೆ ಅಷ್ಟೆ ಅನಿಸುತ್ತದೆ. ಹೆಲ್ಪರ್ ಆಗಿದ್ದಾಗ ಫೋರ್‌ಮನ್‌ನನ್ನು ಬೈದವನು ಫೋರ್‌ಮನ್ ಆದ ಮರುದಿನ ಹೆಲ್ಪರ್‌ಗಳೆಲ್ಲ ಸೋಮಾರಿಗಳು ಅನ್ನುತ್ತಾನೆ. ಕ್ಲೀನಿಂಗ್ ಮಾಡುವ ಬಂಗಾಳಿ ಹುಡುಗನ ಹೆಸರು ನಮಗೆ ಗೊತ್ತಿರುವುದಿಲ್ಲ. ನಮ್ಮಂಥ ಕಾರ್ಯಕ್ರಮಗಳಲ್ಲೂ ಕಾರಿನಲ್ಲಿ ಬಂದವರು ಮುಂದಿನ ಸಾಲಿನಲ್ಲಿ, ಕ್ಯಾಂಪಿನ ಬಸ್ಸಿನಲ್ಲಿ ಬಂದವರು ಹಿಂದಿನ ಸಾಲಿನಲ್ಲಿ. ಯಾರೂ ಹೇಳಿ ಕೂರಿಸಿದ್ದಲ್ಲ, ಕಾಲುಗಳು ತಾವಾಗಿಯೇ ಅಲ್ಲಿಗೆ ಹೋಗುತ್ತವೆ.

ರಂಗರಾಯರ ಹಾಗೆ ಶಾಲೆ ಕಟ್ಟುವುದು ನಮ್ಮಿಂದ ಆಗಲಿಕ್ಕಿಲ್ಲ. ಆದರೆ ಕೂರುವ ಸಾಲು ಬದಲಾಯಿಸಬಹುದು. ಮುಂದಿನ ರಾಜ್ಯೋತ್ಸವಕ್ಕೆ ಮುಂದಿನ ಎರಡು ಸಾಲು ಕ್ಯಾಂಪಿನಿಂದ ಬರುವವರಿಗೆ ಇರಲಿ ಅಂತ ನಮ್ಮ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ. ವೇದಿಕೆಯ ಮೇಲೆ ಮಾತಾಡಲು ಒಬ್ಬ ಹೆಲ್ಪರ್‌ನನ್ನೂ ಕರೆಯೋಣ.

ವೆಲ್ಡರ್ ಅಣ್ಣ ಈಗ ಕೆಲಸ ಮುಗಿಸಿ ಊರಿಗೆ ಹೋಗಿದ್ದಾರೆ. ಅವರ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಈ ಸಲದ ರಜೆಯಲ್ಲಿ ಅವರನ್ನು ಮನೆಗೆ ಊಟಕ್ಕೆ ಕರೆದಿದ್ದೇನೆ. ಜಗಲಿಗಲ್ಲ, ಒಳಗೆ, ನನ್ನ ಪಕ್ಕದ ಎಲೆಗೆ. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರಿಗೆ ಮೀನು ಆಗುತ್ತದಾ ಅಂತ ಕೇಳಿದರು.